ಇಂಗಾಲ ಹಿಡಿದಿಡುವ ಕಾಡು: ನೆಟ್ಟದ್ದೆಷ್ಟು, ಉಳಿದದ್ದೆಷ್ಟು?

1988ರಲ್ಲಿ ಅಮೆರಿಕದ ಎಇಎಸ್ ಎಂಬ ವಿದ್ಯುತ್ ಕಂಪನಿ ಕನೆಕ್ಟಿಕಟ್ ರಾಜ್ಯದಲ್ಲಿ ಕಲ್ಲಿದ್ದಲಿನ ಸ್ಥಾವರ ಕಟ್ಟಲು ಹೊರಟಿತ್ತು. ಆ ಸ್ಥಾವರ ತನ್ನ ಆಯುಷ್ಯದುದ್ದಕ್ಕೂ ಉಗುಳಲಿದ್ದ ಇಂಗಾಲದ ಡೈಆಕ್ಸೈಡಿಗೆ ಪ್ರತಿಯಾಗಿ ಏನಾದರೂ ಮಾಡಬೇಕೆಂದು ಕಂಪನಿಯವರಿಗೆ ಅನಿಸಿತು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸಲಹೆ ಕೊಟ್ಟಿತು. ಗ್ವಾಟೆಮಾಲಾದ ಗುಡ್ಡಗಾಡಿನಲ್ಲಿ ಆಗಲೇ ರೈತರ ಜೊತೆಗಿದ್ದ ಕೇರ್ ಸಂಸ್ಥೆ ಕೆಲಸ ವಹಿಸಿಕೊಂಡಿತು. ಸುಮಾರು 5 ಕೋಟಿ ಸಸಿ ನೆಡುವ ಗುರಿ ನಿಗದಿಯಾಯಿತು. ಹೊಗೆ ಒಂದು ದೇಶದಲ್ಲಿ, ಅದನ್ನು ಹೀರುವ ಸಸಿ ಇನ್ನೊಂದು ದೇಶದಲ್ಲಿ ಎಂಬ ಲೆಕ್ಕಾಚಾರ ಶುರುವಾದದ್ದು ಹೀಗೆ. ದಶಕ ಕಳೆದ ಮೇಲೆ ಅಳೆದು ನೋಡಿದರೆ ಮರಗಳು ಹಿಡಿದಿಟ್ಟ ಇಂಗಾಲ ಗುರಿಗಿಂತ ತೀರ ಹಿಂದೆ ಬಿದ್ದಿತ್ತು. ಅಲ್ಲಿನ ಬಡ ರೈತರಿಗೆ ಬೇಕಾಗಿದ್ದದ್ದು ಮೆಕ್ಕೆಜೋಳ ಬೆಳೆಯಲು ನೆಲ, ಒಲೆಗೆ ಸೌದೆ. ದೂರದ ಸ್ಥಾವರದ ಹೊಗೆಯ ಲೆಕ್ಕ ಅವರ ಬದುಕಿನ ಲೆಕ್ಕವಾಗಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಈ ಯೋಚನೆ ಬೆಳೆದು ಹೆಮ್ಮರವಾಗಿದೆ. ಸರ್ಕಾರಗಳು, ವಿಮಾನ ಕಂಪನಿಗಳು, ತೈಲ ಕಂಪನಿಗಳು ಕೋಟಿಗಟ್ಟಲೆ ಸಸಿಗಳ ಭಾಷೆಯಲ್ಲಿ ಮಾತಾಡುತ್ತಿವೆ. ವಿಜ್ಞಾನವೂ ಈ ನಡುವೆ ಬಹಳ ಮುಂದೆ ಸಾಗಿದೆ, ಬಿಸಿಬಿಸಿ ಜಗಳಗಳೂ ನಡೆದಿವೆ. ಅವುಗಳನ್ನೆಲ್ಲ ಓದುತ್ತ ಹೋದಂತೆ ನನಗೆ ಗಟ್ಟಿಯಾದ ನಂಬಿಕೆ ಒಂದೇ. ಕಾಡು ಬೆಳೆಸುವ ಯಾವ ಯೋಜನೆಯನ್ನಾದರೂ ಒರೆಗೆ ಹಚ್ಚುವಾಗ ಮೊದಲು ಕೇಳಬೇಕಾದ್ದು ನೆಲದ ಬಗ್ಗೆ. ಆ ನೆಲದಲ್ಲಿ ಹಿಂದೆ ಏನಿತ್ತು? ಈಗ ಅದನ್ನು ನಂಬಿ ಯಾರು ಬದುಕಿದ್ದಾರೆ? ಅಲ್ಲಿ ಬೆಳೆದದ್ದು ಎಷ್ಟು ಕಾಲ ನಿಲ್ಲುತ್ತದೆ? ಈ ಮೂರಕ್ಕೆ ಉತ್ತರವಿಲ್ಲದ ಸಸಿಗಳ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ವಾತಾವರಣಕ್ಕೆ ಅದರಿಂದ ಪ್ರಯೋಜನವಿಲ್ಲ.

ಮೊದಲು ಗಣಿತ ನೋಡೋಣ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ. ಮರದಲ್ಲಿ ಒಂದು ಟನ್ ಇಂಗಾಲ ಕೂತಿತೆಂದರೆ ಗಾಳಿಯಿಂದ 3.67 ಟನ್ ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ಲ್ಯಾಟಿನ್ ಅಮೆರಿಕದ 45 ತಾಣಗಳಲ್ಲಿ ಪಾಳುಬಿಟ್ಟ ಹೊಲ, ಹುಲ್ಲುಮಾಳಗಳ ಮೇಲೆ ಮತ್ತೆ ಹುಟ್ಟಿದ ಕಾಡನ್ನು ಅಳೆದ ಅಧ್ಯಯನ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮೊದಲ 20 ವರ್ಷ ಇಂಥ ಎಳೆಗಾಡು ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 3 ಟನ್ ಇಂಗಾಲ ಸೇರಿಸಿಕೊಳ್ಳುತ್ತದೆ. ಹಳೆಯ ದಟ್ಟ ಕಾಡಿಗಿಂತ ಇದು 11 ಪಟ್ಟು ವೇಗ. ಹೆಕ್ಟೇರಿಗೆ 11 ಟನ್ ಡೈಆಕ್ಸೈಡ್ ಅಂದುಕೊಳ್ಳಿ. ಕಲ್ಲಿದ್ದಲು, ತೈಲ, ಅನಿಲ ಉರಿಸಿ ಮನುಷ್ಯರು ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಅಷ್ಟನ್ನೂ ಎಳೆಗಾಡಿನಿಂದಲೇ ಹೀರಿಸಬೇಕಾದರೆ 336 ಕೋಟಿ ಹೆಕ್ಟೇರ್ ಹೊಸ ನೆಲ ಬೇಕು. ಅದು ಹತ್ತು ಭಾರತಗಳಷ್ಟು ವಿಸ್ತಾರ. ಇಂದು ಭೂಮಿಯ ಮೇಲಿರುವ ಒಟ್ಟು ಕಾಡೇ 400 ಕೋಟಿ ಹೆಕ್ಟೇರ್ ಆಸುಪಾಸು. ಆ ವೇಗವೂ ಕೆಲವು ದಶಕ ಮಾತ್ರ. ಕಾಡು ಬಲಿತಂತೆ ಹೀರುವ ಪ್ರಮಾಣ ಇಳಿಯುತ್ತದೆ.

ಹಾಗೆಂದು ಕಾಡಿನ ಕೆಲಸ ಸಣ್ಣದೆಂದು ತಳ್ಳಿಹಾಕಲಾಗದು. ನಾವು ಹೊರಬಿಡುವ ಡೈಆಕ್ಸೈಡಿನಲ್ಲಿ ಸುಮಾರು ಶೇ 30ರಷ್ಟನ್ನು ಈಗಲೂ ಭೂಮಿಯ ಮೇಲಿನ ಹಸಿರು ಮತ್ತು ಮಣ್ಣು ಸದ್ದಿಲ್ಲದೆ ಹೀರಿಕೊಳ್ಳುತ್ತಿವೆ. ಇನ್ನೊಂದು ಕಾಲು ಭಾಗ ಕಡಲಿನ ಪಾಲು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಳೆಯಲು ತೊಡಗಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇದ್ದ ಇಂಗಾಲದ ಡೈಆಕ್ಸೈಡ್ ಇವತ್ತು 420 ದಾಟಿದೆ. ಆದರೂ ಅವರ ರೇಖೆ ಪ್ರತಿವರ್ಷ ಒಮ್ಮೆ ಇಳಿದು ಮತ್ತೆ ಏರುತ್ತದೆ. ಉತ್ತರಗೋಳದ ಕಾಡುಗಳು ಬೇಸಿಗೆಯಲ್ಲಿ ಎಲೆ ತುಂಬಿ ಉಸಿರೆಳೆದುಕೊಂಡದ್ದರ ಗುರುತು ಅದು. ಈ ಶಕ್ತಿಯನ್ನು ಕಂಡೇ ಭೌತವಿಜ್ಞಾನಿ ಫ್ರೀಮನ್ ಡೈಸನ್ 1977ರಲ್ಲಿ, ತುರ್ತು ಬಂದರೆ ವೇಗವಾಗಿ ಬೆಳೆಯುವ ಮರಗಳನ್ನು ಭಾರೀ ಪ್ರಮಾಣದಲ್ಲಿ ನೆಟ್ಟು ಇಂಗಾಲವನ್ನು ತಡೆಹಿಡಿಯಬಹುದೆಂದು ಬರೆದರು. ಅವರ ದೃಷ್ಟಿಯಲ್ಲಿ ಅದು ಬೇರೆ ಇಂಧನಕ್ಕೆ ಬದಲಾಗುವವರೆಗೆ ಸಮಯ ಗಳಿಸಿಕೊಳ್ಳುವ ದಾರಿ. ಸಮಯ ಗಳಿಸಿಕೊಳ್ಳುವುದು ಎಂಬ ಭಾಗವನ್ನು ಆಮೇಲೆ ಬಂದವರು ಮರೆತರು.

2019ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಜಗತ್ತಿನ ಪತ್ರಿಕೆಗಳ ಮುಖಪುಟ ಹಿಡಿಯಿತು. ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಥಾಮಸ್ ಕ್ರೌಥರ್ ಅವರ ತಂಡ, ಹೊಲ ಮತ್ತು ನಗರಗಳನ್ನು ಬಿಟ್ಟು ಇನ್ನೂ 90 ಕೋಟಿ ಹೆಕ್ಟೇರಿನಷ್ಟು ಮರದ ನೆರಳಿಗೆ ಜಾಗವಿದೆ, ಅದು 20,500 ಕೋಟಿ ಟನ್ ಇಂಗಾಲ ಹಿಡಿಯಬಲ್ಲದು ಎಂದಿತ್ತು. ಕೆಲವೇ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ ಆಕ್ಷೇಪಗಳ ಸಾಲು ಬಂತು. ಒಂದು ಗುಂಪಿನ ಪ್ರಕಾರ ಆ ಅಂದಾಜು ಐದು ಪಟ್ಟು ಹಿಗ್ಗಿತ್ತು. ಹುಲ್ಲುಗಾವಲುಗಳನ್ನೂ ಸವನ್ನಾಗಳನ್ನೂ ಖಾಲಿ ಜಾಗವೆಂದು ಎಣಿಸಲಾಗಿತ್ತು, ಮರವಿಲ್ಲದ ಮಣ್ಣಿನಲ್ಲಿ ಆಗಲೇ ಇದ್ದ ಇಂಗಾಲವನ್ನು ಲೆಕ್ಕಕ್ಕೆ ತಂದಿರಲಿಲ್ಲ. ಹಿಮ ಬೀಳುವ ಉತ್ತರದ ನಾಡುಗಳಲ್ಲಿ ಕಪ್ಪು ಹಸಿರಿನ ಮರಗಳು ಬಿಳಿ ನೆಲವನ್ನು ಮುಚ್ಚಿದರೆ ಸೂರ್ಯನ ಶಾಖ ಹಿಂತಿರುಗದೆ ನೆಲವೇ ಬಿಸಿಯಾಗುತ್ತದೆ ಎಂಬುದನ್ನೂ ಮರೆಯಲಾಗಿತ್ತು. ಆದರೂ ಲಕ್ಷ ಕೋಟಿ ಮರ ನೆಡುವ ಆಂದೋಲನ ಡಾವೋಸ್‌ನ ವೇದಿಕೆ ಏರಿತು.

ಅದೇ ತಂಡ ಇನ್ನೂ ನೂರಾರು ಸಂಶೋಧಕರನ್ನು ಸೇರಿಸಿಕೊಂಡು 2023ರಲ್ಲಿ ಲೆಕ್ಕವನ್ನು ಮತ್ತೆ ಮಾಡಿತು. ಒಟ್ಟು ಸಾಧ್ಯತೆ 22,600 ಕೋಟಿ ಟನ್ ಇಂಗಾಲ ಎಂಬ ಸಂಖ್ಯೆ ಹಳೆಯದಕ್ಕೆ ಹತ್ತಿರವೇ ಇತ್ತು, ಒಳಗಿನ ಹಂಚಿಕೆ ಮಾತ್ರ ಪೂರ್ತಿ ಬೇರೆ. ಇದರಲ್ಲಿ ಶೇ 61 ಭಾಗ ಬರಬೇಕಾದ್ದು ಈಗಾಗಲೇ ಇರುವ ಕಾಡುಗಳನ್ನು ಕಡಿಯದೆ, ಕೆಡಿಸದೆ ಬಲಿಯಲು ಬಿಡುವುದರಿಂದ. ಕಾಡು ಪೂರ್ತಿ ಹೋದ ಜಾಗದಲ್ಲಿ ಮತ್ತೆ ಬೆಳೆಸುವುದರಿಂದ ಬರುವುದು ಶೇ 39. ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯ ಸಂಗತಿ ಇದೇ ಎಂದು ನನಗನಿಸುತ್ತದೆ. ನರ್ಸರಿ ಇಲ್ಲದೆ, ಗುಂಡಿ ತೋಡದೆ, ಕೊಡಲಿಯನ್ನು ದೂರವಿಟ್ಟರೆ ಸಾಕು ದೊರೆಯುವ ಪಾಲು ದೊಡ್ಡದು. ಆದರೆ ಕಡಿಯದೆ ಬಿಟ್ಟ ಕಾಡಿಗೆ ಉದ್ಘಾಟನೆ ಮಾಡಲಾಗದು, ಅದರ ಮುಂದೆ ಫಲಕ ನೆಡಲಾಗದು. ಹಾಗಾಗಿಯೇ ಅದು ಯೋಜನೆಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಸರ್ಕಾರಗಳ ಮಾತಿಗೆ ಬರೋಣ. 2011ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಶುರುವಾದ ಬಾನ್ ಚಾಲೆಂಜ್, 2014ರ ನ್ಯೂಯಾರ್ಕ್ ಘೋಷಣೆಯಿಂದ ವಿಸ್ತಾರಗೊಂಡು, 2030ರೊಳಗೆ 35 ಕೋಟಿ ಹೆಕ್ಟೇರ್ ಕೆಟ್ಟ ನೆಲವನ್ನು ಪುನಶ್ಚೇತನಗೊಳಿಸುವ ಗುರಿ ಇಟ್ಟುಕೊಂಡಿದೆ. ಸೈಮನ್ ಲೂಯಿಸ್, ಶಾರ್ಲಟ್ ವೀಲರ್ ಮತ್ತು ಸಂಗಡಿಗರು ದೇಶಗಳು ಸಲ್ಲಿಸಿದ ಯೋಜನೆಗಳನ್ನು ಬಿಡಿಸಿ ನೋಡಿ 2019ರಲ್ಲಿ ವರದಿ ಮಾಡಿದರು. ವಾಗ್ದಾನವಾದ ನೆಲದಲ್ಲಿ ಶೇ 45 ಏಕಜಾತಿಯ ವಾಣಿಜ್ಯ ನೆಡುತೋಪುಗಳಿಗೆ ಮೀಸಲು. ಹತ್ತು ಕೋಟಿ ಹೆಕ್ಟೇರಿನಲ್ಲಿ ಸಹಜ ಕಾಡು ಬೆಳೆಯಲು ಬಿಟ್ಟರೆ 2100ರ ಹೊತ್ತಿಗೆ 1,200 ಕೋಟಿ ಟನ್ ಇಂಗಾಲ ಉಳಿಯುತ್ತದೆ. ಅಷ್ಟೇ ನೆಲದಲ್ಲಿ ಬೆಳೆಯ ಜೊತೆ ಮರ ಬೆಳೆಸಿದರೆ 190 ಕೋಟಿ ಟನ್, ನೆಡುತೋಪಾದರೆ 30 ಕೋಟಿ ಟನ್. ನಲವತ್ತು ಪಟ್ಟು ವ್ಯತ್ಯಾಸಕ್ಕೆ ಕಾರಣ ಸರಳ. ನೀಲಗಿರಿ, ಅಕೇಶಿಯಾಗಳನ್ನು ಹತ್ತು ವರ್ಷ ತುಂಬುವ ಮೊದಲೇ ಕಡಿದು ಕಾಗದದ ತಿರುಳು, ಕಂಬ, ಸೌದೆ ಮಾಡುತ್ತಾರೆ. ಅದರಲ್ಲಿದ್ದ ಇಂಗಾಲ ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. ಪ್ರತಿ ಬಾರಿ ನೆಲ ಕೆದಕಿದಾಗ ಮಣ್ಣಿನ ಇಂಗಾಲವೂ ಒಂದಿಷ್ಟು ಹಾರಿಹೋಗುತ್ತದೆ.

ನೀಲಗಿರಿಯ ಪಾಠವನ್ನು ಕನ್ನಡದ ನೆಲ ಇವರೆಲ್ಲರಿಗಿಂತ ಮೊದಲೇ ಕಲಿತಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಗರಿಗೆ ಸೌದೆ, ಮೇವು ಒದಗಿಸುವುದು ಅದರ ಘೋಷಿತ ಉದ್ದೇಶ. ಕೋಲಾರ, ತುಮಕೂರು, ಬೆಂಗಳೂರು ಸುತ್ತಲಿನ ರಾಗಿಯ ಹೊಲಗಳು ಸಾಲುಸಾಲಾಗಿ ನೀಲಗಿರಿ ತೋಪುಗಳಾದವು. ದನ ಮೂಸಿಯೂ ನೋಡದ ಎಲೆ, ಕಾರ್ಖಾನೆಗೆ ಹೋಗುವ ಮರ, ಕೂಲಿಯ ಕೆಲಸವೂ ಇಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನಡೆದು ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಹುಟ್ಟಿತು. ಉಳಿಸು, ಬೆಳೆಸು, ಬಳಸು ಎಂಬ ಅದರ ಘೋಷಣೆಯಲ್ಲಿ ಉಳಿಸುವುದು ಮೊದಲು ಬಂದಿತ್ತು. 2023ರ ಜಾಗತಿಕ ಲೆಕ್ಕ ಹೇಳಿದ ಕ್ರಮವೂ ಅದೇ.

ಅಂದಿನ ಧಾರವಾಡ ಜಿಲ್ಲೆಯ ಕಥೆ ಇನ್ನೂ ಸ್ಪಷ್ಟ. ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಗೆ ರಾಜ್ಯ ಸರ್ಕಾರ ಸುಮಾರು 75 ಸಾವಿರ ಎಕರೆ 'ಸಿ' ಮತ್ತು 'ಡಿ' ದರ್ಜೆಯ ಭೂಮಿಯನ್ನು ವಹಿಸಲು ಒಪ್ಪಿತು. ಹರಿಹರದ ಪಾಲಿಫೈಬರ್ ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ಅಲ್ಲಿ ನೀಲಗಿರಿ ಬೆಳೆಯಬೇಕಿತ್ತು. ಕಂದಾಯ ದಾಖಲೆಯಲ್ಲಿ ನಿರುಪಯೋಗಿಯಾಗಿದ್ದ ಆ ನೆಲ ಹಳ್ಳಿಗರಿಗೆ ದನ ಮೇಯಿಸುವ, ಸೌದೆ ಆಯುವ, ಹುಲ್ಲು ಕೊಯ್ಯುವ ಜಾಗ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು, ಶಿವರಾಮ ಕಾರಂತರು ಅರ್ಜಿದಾರರಾಗಿ ಜೊತೆ ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೊ-ಹಚ್ಚಿಕೊ' ಎಂದೇ ಆ ಸತ್ಯಾಗ್ರಹದ ಹೆಸರು. ಕೆಲವು ವರ್ಷಗಳಲ್ಲಿ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕುಸನೂರಿನಲ್ಲಿ ಸೇರಿದವರು ಇಂಗಾಲದ ಮಾತು ಎತ್ತಿರಲಿಲ್ಲ, ಅಂದು ಅಲ್ಲಿ ಅದರ ಸುದ್ದಿಯೂ ಇರಲಿಲ್ಲ. ಆದರೆ ನೆಲದ ಮೇಲೆ ಯಾರು ಬದುಕಿದ್ದಾರೆ, ಮರ ಯಾರ ಪಾಲಿಗೆ ಎಂಬ ಅವರ ಪ್ರಶ್ನೆಯನ್ನು ಬದಿಗಿಟ್ಟ ಇಂಗಾಲ ಯೋಜನೆಗಳು ಇಂದು ಹಲವು ಖಂಡಗಳಲ್ಲಿ ಸೋಲುತ್ತಿವೆ.

ಮೊದಲು ಏನಿತ್ತು ಎಂಬ ಪ್ರಶ್ನೆಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿ ಸಿಗಲಿಕ್ಕಿಲ್ಲ. ಕುರುಚಲು ಮತ್ತು ಹುಲ್ಲಿನ ಬಯಲಾಗಿದ್ದ ಆ ಪ್ರದೇಶದ ಬಹುಭಾಗದಲ್ಲಿ 1950ರ ದಶಕದಿಂದ ನೀಲಗಿರಿ ನೆಡಲಾಯಿತು. 1974ರಲ್ಲಿ ಅದು ಅಭಯಾರಣ್ಯವಾಯಿತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು, ಆದರೆ ಬಯಲನ್ನೇ ನಂಬಿದ ದೊರೆಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಇಂದು ರಾಜ್ಯದಲ್ಲಿ ಅದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಉಳಿದಿದೆ. ಕೊಪ್ಪಳ, ಗದಗ, ಚಿತ್ರದುರ್ಗದ ಬಯಲುಗಳು, ಅಮೃತಮಹಲ್ ಕಾವಲುಗಳು, ಘಟ್ಟದ ನೆತ್ತಿಯ ಶೋಲಾ ಹುಲ್ಲುಮಾಳಗಳು ಕಾಡು ಕಳೆದುಕೊಂಡ ಜಾಗಗಳಲ್ಲ. ಸಾವಿರಾರು ವರ್ಷಗಳಿಂದ ಅವು ಹಾಗೆಯೇ ಇವೆ. ತೆರಿಗೆ ಹುಟ್ಟದ ನೆಲವನ್ನೆಲ್ಲ ಬಂಜರು ಎಂದು ಬರೆದುಕೊಂಡ ಬ್ರಿಟಿಷ್ ಕಂದಾಯದ ಪದ್ಧತಿ ನಮ್ಮ ನಕ್ಷೆಗಳಲ್ಲಿ ಇನ್ನೂ ಬದುಕಿದೆ. ಬೆಂಗಳೂರಿನ ಏಟ್ರೀ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳ ಸಂಶೋಧಕರು, ಮುಖ್ಯವಾಗಿ ಅಬಿ ವನಕ್, ಜಯಶ್ರೀ ರತ್ನಂ ಮತ್ತಿತರರು, ಇವುಗಳನ್ನು ತೆರೆದ ಸಹಜ ಪರಿಸರಗಳೆಂದು ಗುರುತಿಸಿ ಉಳಿಸಬೇಕೆಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಕುರಿ ಮೇಯಿಸುವ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂಗಾಲದ ದೃಷ್ಟಿಯಿಂದಲೂ ಹುಲ್ಲುಗಾವಲು ಬರಿದಲ್ಲ. ಉತ್ತರ ಕರ್ನಾಟಕದ ಹಗೇವಿನಲ್ಲಿ ಕಾಳು ನೆಲದಡಿ ಇದ್ದಂತೆ ಅದರ ಸಂಪತ್ತೆಲ್ಲ ಬೇರಿನಲ್ಲಿ, ಮಣ್ಣಿನಲ್ಲಿ. ಮೇಲೆ ಬೆಂಕಿ ಹಾದುಹೋದರೂ ಕೆಳಗಿನದು ಉಳಿಯುತ್ತದೆ. ಜಗತ್ತಿನ ಮಣ್ಣಿನಲ್ಲಿರುವ ಇಂಗಾಲ ಎಲ್ಲ ಗಿಡಮರಗಳಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸ್ಕಾಟ್ಲೆಂಡಿನ ಹೀದರ್ ಪೊದೆಗಳ ಬಯಲಿನಲ್ಲಿ ಬರ್ಚ್ ಮತ್ತು ಪೈನ್ ನೆಟ್ಟ ತಾಕುಗಳನ್ನು 12 ಮತ್ತು 39 ವರ್ಷಗಳ ಬಳಿಕ ಅಳೆದರು. ಮರಗಳು ಬೆಳೆದಿದ್ದವು, ಮಣ್ಣು ಇಂಗಾಲ ಕಳೆದುಕೊಂಡಿತ್ತು, ಒಟ್ಟು ಲಾಭ ಏನೂ ಇರಲಿಲ್ಲ. ಅಲ್ಲಿಂದ ಇನ್ನೂ ಉತ್ತರಕ್ಕಿರುವ ಫ್ಲೋ ಕಂಟ್ರಿಯಲ್ಲಿ 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಜೌಗುನೆಲವನ್ನು ಬಸಿದು ಸೂಚಿಪರ್ಣಿ ಮರ ನೆಟ್ಟಿದ್ದರು. ಈಗ ಹಣ ಕೊಟ್ಟು ಆ ಮರಗಳನ್ನು ಕಡಿಸಿ, ಕಾಲುವೆ ಮುಚ್ಚಿ, ಜೌಗನ್ನು ಮರಳಿ ತರುತ್ತಿದ್ದಾರೆ. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ 1999ರಿಂದ ನಡೆದ ಭಾರೀ ಹಸಿರೀಕರಣ ಸವೆತವನ್ನು ತಡೆದದ್ದು ನಿಜ. ಆದರೆ ಅಲ್ಲಿ ಇನ್ನಷ್ಟು ಮರ ಬೆಳೆಸಿದರೆ ಜನರಿಗೆ ಬೇಕಾದ ನೀರೇ ಸಾಲದೆ ಹೋಗುವ ಹಂತ ಹತ್ತಿರವಿದೆ ಎಂದು 2016ರ ಅಧ್ಯಯನ ಎಚ್ಚರಿಸಿತು.

ಹಾಗಾದರೆ ಕಾಡು ಮರಳಿ ಬಂದ ಜಾಗಗಳಲ್ಲಿ ಏನಾಯಿತು? ನೈಜರ್ ದೇಶದ ಕಥೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಸಹಾರಾದ ಅಂಚಿನ ಮರಾಡಿ ಪ್ರದೇಶದಲ್ಲಿ ಆಸ್ಟ್ರೇಲಿಯಾದ ಟೋನಿ ರಿನೌಡೊ ವರ್ಷಗಟ್ಟಲೆ ಸಸಿ ನೆಡಿಸಿ ಸೋತಿದ್ದರು. ನೆಟ್ಟ ಸಸಿಗಳಲ್ಲಿ ಬಹುಪಾಲು ಒಣಗಿಹೋಗುತ್ತಿದ್ದವು. 1983ರ ಹೊತ್ತಿಗೆ ಅವರ ಕಣ್ಣಿಗೆ ಬಿದ್ದದ್ದು ಹೊಲದ ತುಂಬ ಪೊದೆಗಳಂತೆ ಕಾಣುತ್ತಿದ್ದ ಚಿಗುರುಗಳು. ಅವು ಕಡಿದ ಮರಗಳ ಬುಡಗಳಿಂದ ಎದ್ದವು, ಕೆಳಗೆ ಆಳದ ಬೇರು ಜೀವಂತವಾಗಿತ್ತು. ಪ್ರತಿ ಬುಡದಲ್ಲಿ ಒಂದೆರಡು ಗಟ್ಟಿ ಚಿಗುರು ಉಳಿಸಿಕೊಂಡು ಉಳಿದವನ್ನು ಸವರಿ, ದನಕರುಗಳಿಂದ ಕಾಯ್ದರೆ ಸಾಕು. ಮರವೆಲ್ಲ ಸರ್ಕಾರದ್ದು ಎಂಬ ಫ್ರೆಂಚ್ ಆಡಳಿತದ ಕಾಲದ ನಿಯಮ ಸಡಿಲವಾಗಿ, ಹೊಲದ ಮರ ತನ್ನದೇ ಎಂಬ ಧೈರ್ಯ ರೈತನಿಗೆ ಬಂದ ಮೇಲೆ ಪದ್ಧತಿ ಒಬ್ಬರಿಂದೊಬ್ಬರಿಗೆ ಹರಡಿತು. ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಮರಳಿ ಬಂದವು. ಖರ್ಚು ಬಹುತೇಕ ಇಲ್ಲವೇ ಇಲ್ಲ. 2018ರಲ್ಲಿ ರಿನೌಡೊ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಇದಕ್ಕೆ ಎದುರಾದ ಉದಾಹರಣೆ ಕೊಡಗಿನಲ್ಲಿದೆ. ಕಾಡುಮರಗಳ ನೆರಳಿನ ಕಾಫಿ ತೋಟ ಇಂಗಾಲದ ಲೆಕ್ಕದಲ್ಲಿ ಬಲು ಬೆಲೆಯುಳ್ಳದ್ದು. ಆದರೆ ಅಲ್ಲಿ ಹಲವು ಬಗೆಯ ಜಮೀನುಗಳಲ್ಲಿ ಸ್ಥಳೀಯ ಜಾತಿಯ ಮರದ ಮೇಲೆ ಬೆಳೆಗಾರನಿಗೆ ಪೂರ್ಣ ಹಕ್ಕಿಲ್ಲ. ಸಿಲ್ವರ್ ಓಕ್ ಆದರೆ ಕಡಿದು ಮಾರಲು ತೊಡಕು ಕಡಿಮೆ, ಕರಿಮೆಣಸಿನ ಬಳ್ಳಿಗೂ ಆದೀತು. ನಂದಿ, ಬೀಟೆ, ಹೊನ್ನೆಯ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿರುವುದು ಬೆಳೆಗಾರನ ಅಜ್ಞಾನದಿಂದಲ್ಲ. ಮರ ಉಳಿಸಿದವನಿಗೆ ನಷ್ಟ, ಬದಲಿಸಿದವನಿಗೆ ಲಾಭ ಎಂಬಂತೆ ನಿಯಮಗಳೇ ಇವೆ.

ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಡೇನಿಯಲ್ ಜಾನ್ಜನ್ ಮತ್ತು ವಿನ್ನಿ ಹಾಲ್‌ವಾಕ್ಸ್ ದಂಪತಿ 1990ರ ದಶಕದಲ್ಲಿ ಹಣ್ಣಿನ ರಸದ ಕಂಪನಿಯೊಂದಕ್ಕೆ ವಿಚಿತ್ರ ಪ್ರಸ್ತಾವ ಇಟ್ಟರು. ಕಾಡಿನ ಅಂಚಿನ ನಿಮ್ಮ ಜಮೀನನ್ನು ರಾಷ್ಟ್ರೀಯ ಉದ್ಯಾನಕ್ಕೆ ಕೊಡಿ, ಕಿತ್ತಳೆ ಸಿಪ್ಪೆಯನ್ನು ನಮ್ಮ ಹಾಳು ಹುಲ್ಲುಮಾಳದಲ್ಲಿ ಸುರಿಯಿರಿ ಎಂದು. ಸಾವಿರ ಲಾರಿಗಳಲ್ಲಿ ಸುಮಾರು 12 ಸಾವಿರ ಟನ್ ಸಿಪ್ಪೆ ಬಂದು ಬಿತ್ತು. ಎದುರಾಳಿ ಕಂಪನಿಯೊಂದು ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಿತು, ಜಾಗ ಮರೆವಿಗೆ ಸರಿಯಿತು. ಹದಿನಾರು ವರ್ಷದ ಬಳಿಕ ಸಂಶೋಧಕರು ಅಳೆದಾಗ ಸಿಪ್ಪೆ ಬಿದ್ದ ಕಡೆ ನೆಲದ ಮೇಲಿನ ಜೀವರಾಶಿ ಪಕ್ಕದ ಬರಡು ಜಾಗಕ್ಕಿಂತ ಶೇ 176ರಷ್ಟು ಹೆಚ್ಚಿತ್ತು. ಆಫ್ರಿಕಾ ಮೂಲದ ಹುಲ್ಲನ್ನು ಸಿಪ್ಪೆ ಅಡಗಿಸಿತು, ಮಣ್ಣಿಗೆ ಸತ್ವ ಕೊಟ್ಟಿತು. ಬೀಜ ತಂದದ್ದು ಪಕ್ಕದ ಕಾಡು. ಆ ಕಾಡು ಪಕ್ಕದಲ್ಲಿ ಇದ್ದದ್ದೇ ನಿರ್ಣಾಯಕ. 2024ರಲ್ಲಿ 'ನೇಚರ್'ನಲ್ಲಿ ಬಂದ ನಕ್ಷೆ ಹೀಗೆ ತಾನಾಗಿ ಕಾಡು ಮರಳಬಲ್ಲ 21.5 ಕೋಟಿ ಹೆಕ್ಟೇರ್ ನೆಲವನ್ನು ಉಷ್ಣವಲಯದಲ್ಲಿ ಗುರುತಿಸಿತು. 30 ವರ್ಷದಲ್ಲಿ ಅದು 2,340 ಕೋಟಿ ಟನ್ ಇಂಗಾಲ ಹಿಡಿಯಬಲ್ಲದು. ವರ್ಷದ ಲೆಕ್ಕ ಹಾಕಿದರೆ ಇಂದಿನ ಹೊಗೆಯಲ್ಲಿ ಹದಿಮೂರನೇ ಒಂದು ಪಾಲು. ದೊಡ್ಡದೇ, ಆದರೆ ಹೊಗೆ ಇಳಿಯದೆ ಅದೊಂದರಿಂದ ಏನೂ ಆಗದು.

ತಾನಾಗಿ ಬರಲಾರದ ಕಡೆಯೂ ಇದೆ. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವೆ ಸಿಕ್ಕಿಹಾಕಿಕೊಂಡ ಮಳೆಕಾಡಿನ ತುಣುಕುಗಳಿಗೆ ಲಂಟಾನ ಕಳೆ ಮುತ್ತಿತ್ತು, ಬೀಜ ತರುವ ಹಕ್ಕಿ ಬರುವ ದಾರಿ ತುಂಡಾಗಿತ್ತು. ಅಲ್ಲಿ ದಿವ್ಯಾ ಮುಡಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಗೆಳೆಯರು ಕಳೆ ತೆಗೆದು, ಕಾಡಿನದೇ ಹತ್ತಾರು ಜಾತಿಯ ಸಸಿಗಳನ್ನು ಬೆಳೆಸಿ ನೆಟ್ಟು ಎರಡು ದಶಕಕ್ಕೂ ಮೀರಿ ಕಾಪಾಡಿದ್ದಾರೆ. ಹಾಗೆಯೇ ಬಿಟ್ಟ ತುಣುಕುಗಳಿಗಿಂತ ಇಲ್ಲಿ ಜಾತಿಗಳೂ ಹೆಚ್ಚಿದವು, ಇಂಗಾಲವೂ ಹೆಚ್ಚಿತು. ಇದೇ ಬಳಗದ ಇನ್ನೊಂದು ಅಧ್ಯಯನ ಪಶ್ಚಿಮಘಟ್ಟದ ಸಹಜ ಕಾಡನ್ನು ತೇಗ, ನೀಲಗಿರಿ ತೋಪುಗಳ ಜೊತೆ ಹೋಲಿಸಿತು. ಬರದ ವರ್ಷಗಳಲ್ಲಿ ತೋಪುಗಳ ಹೀರುವಿಕೆ ಹೆಚ್ಚು ಕುಸಿಯಿತು, ಬಹುಜಾತಿಯ ಕಾಡು ತಾಳಿಕೊಂಡಿತು. ಮಾಗಡಿ ಸೀಮೆಯ ಹುಲಿಕಲ್‌ನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ದಂಪತಿ ಬೆಳೆಸಿದ 385 ಆಲದ ಮರಗಳು ಇಂದಿಗೂ ನಿಂತಿರುವುದಕ್ಕೂ ಕಾರಣ ನೆಟ್ಟ ದಿನದ್ದಲ್ಲ. ಕೊಡದಲ್ಲಿ ಹೊತ್ತ ನೀರು, ಸುತ್ತ ಕಟ್ಟಿದ ಮುಳ್ಳುಬೇಲಿ, ವರ್ಷಾನುಗಟ್ಟಲೆಯ ಕಾವಲು ಅವುಗಳನ್ನು ಉಳಿಸಿತು.

ಈ ಕಾವಲಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹಿಮಾಚಲದ ಕಾಂಗ್ಡಾ ಜಿಲ್ಲೆ ಸಾಕ್ಷಿ. ದಶಕಗಳ ಕಾಲ ಸರ್ಕಾರ ಅಲ್ಲಿ ಸಸಿ ನೆಡಿಸಿದ್ದನ್ನು ಉಪಗ್ರಹ ಚಿತ್ರ ಮತ್ತು ಮನೆಮನೆ ಸಮೀಕ್ಷೆಗಳ ಮೂಲಕ ಪರಿಶೀಲಿಸಿದ ತಂಡ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮರದ ಹೊದಿಕೆ ಹೆಚ್ಚಿದ ಕುರುಹೇ ಸಿಗಲಿಲ್ಲ. ಜನರಿಗೆ ಮೇವು, ಸೌದೆ ಕೊಡುತ್ತಿದ್ದ ಅಗಲ ಎಲೆಯ ಜಾತಿಗಳು ಮಾತ್ರ ಕಡಿಮೆಯಾಗಿದ್ದವು.

ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಮೂರನೆಯ ಪ್ರಶ್ನೆ, ಈಗ ಅದೇ ಎಲ್ಲಕ್ಕಿಂತ ಕಠಿಣ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇತ್ತು. ಅದನ್ನು ಉರಿಸಿ ಗಾಳಿಗೆ ಬಿಟ್ಟು ಮರದಲ್ಲಿ ಕೂರಿಸಿದರೆ ಅದು ಮತ್ತೆ ಗಾಳಿಗೆ ಮರಳಲು ಒಂದು ಬರ, ಒಂದು ಕೀಟಬಾಧೆ, ಒಂದು ಬೆಂಕಿ ಸಾಕು. ಕ್ಯಾಲಿಫೋರ್ನಿಯಾದ ಇಂಗಾಲ ಮಾರುಕಟ್ಟೆ ಇದಕ್ಕೆಂದೇ ಒಂದು ಮೀಸಲು ಇಟ್ಟಿದೆ. ಕಾಡ್ಗಿಚ್ಚಿನ ನಷ್ಟಕ್ಕೆ ನೂರು ವರ್ಷ ಸಾಲಬೇಕಿದ್ದ ಅದರ ಪಾಲಿನಲ್ಲಿ ಕನಿಷ್ಠ ಶೇ 95 ಭಾಗ ಹತ್ತೇ ವರ್ಷದೊಳಗೆ ಬೆಂಕಿಗೆ ಆಹುತಿಯಾಯಿತೆಂದು 2022ರ ಅಧ್ಯಯನ ಲೆಕ್ಕ ಹಾಕಿತು. 2023ರಲ್ಲಿ ಕೆನಡಾದ ಕಾಡ್ಗಿಚ್ಚುಗಳು ಹೊರಬಿಟ್ಟ ಇಂಗಾಲ ಸುಮಾರು 65 ಕೋಟಿ ಟನ್. ಚೀನಾ, ಅಮೆರಿಕ, ಭಾರತ ಬಿಟ್ಟರೆ ಬೇರೆ ಯಾವ ದೇಶವೂ ಇಂಧನ ಉರಿಸಿ ವರ್ಷಕ್ಕೆ ಅಷ್ಟು ಹೊರಬಿಡುವುದಿಲ್ಲ. ಆಗ್ನೇಯ ಅಮೆಜಾನ್ ಹೀರುವುದಕ್ಕಿಂತ ಹೆಚ್ಚು ಹೊರಬಿಡುತ್ತಿದೆ ಎಂದು ಬ್ರೆಜಿಲ್‌ನ ಲುಸಿಯಾನಾ ಗಾಟಿ ಮತ್ತು ಸಂಗಡಿಗರು ವಿಮಾನದಿಂದ ವರ್ಷಗಟ್ಟಲೆ ಅಳೆದು 2021ರಲ್ಲಿ ತೋರಿಸಿದರು. ಭೂಮಿ ಬಿಸಿಯಾದಷ್ಟೂ ಕಾಡಿನ ಮೇಲೆ ಇಟ್ಟ ಭರವಸೆ ಸವೆಯುತ್ತದೆ. ಹೊಗೆ ಇಳಿಸುವುದನ್ನು ಮುಂದೂಡಲು ಕಾಡನ್ನು ನೆಪ ಮಾಡಿಕೊಳ್ಳುವುದು ಆ ಕಾಡಿನ ಆಯುಷ್ಯವನ್ನೇ ಕಡಿಮೆ ಮಾಡಿದಂತೆ.

ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಡು ಕಡಿಯದಂತೆ ತಡೆದೆವೆಂದು ಕಾರ್ಬನ್ ಕ್ರೆಡಿಟ್ ಮಾರಿದ ಯೋಜನೆಗಳನ್ನು ಪರಿಶೀಲಿಸಿ 2023ರಲ್ಲಿ 'ಸೈನ್ಸ್'ನಲ್ಲಿ ಬಂದ ಅಧ್ಯಯನ, ಅವುಗಳಲ್ಲಿ ಹೆಚ್ಚಿನವು ಕಡಿತವನ್ನು ಗಣನೀಯವಾಗಿ ತಗ್ಗಿಸಲೇ ಇಲ್ಲ ಎಂದು ಕಂಡುಕೊಂಡಿತು. ಎಷ್ಟು ಕಾಡು ಕಡಿದುಹೋಗುತ್ತಿತ್ತು ಎಂಬ ಊಹೆಯನ್ನು ಹಿಗ್ಗಿಸಿದರೆ ಉಳಿಸಿದ್ದೂ ತಾನಾಗಿ ಹಿಗ್ಗುತ್ತದೆ.

ನಮ್ಮ ದೇಶದ ಲೆಕ್ಕದಲ್ಲೂ ಇಂಥದೇ ತೊಂದರೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಕೆಟ್ಟ ನೆಲವನ್ನು ಸರಿಪಡಿಸುವುದಾಗಿ ಭಾರತ 2019ರಲ್ಲಿ ಮಾತು ಕೊಟ್ಟಿದೆ. ಇಡೀ ಕರ್ನಾಟಕಕ್ಕಿಂತ ದೊಡ್ಡ ವಿಸ್ತಾರ ಅದು. ಹೆಚ್ಚುವರಿ ಮರದ ಹೊದಿಕೆಯಿಂದ 250ರಿಂದ 300 ಕೋಟಿ ಟನ್ ಡೈಆಕ್ಸೈಡ್ ಹೀರಿಸುವುದಾಗಿಯೂ ಹೇಳಿದೆ. 2023ರ ಅರಣ್ಯ ಸ್ಥಿತಿ ವರದಿ ದೇಶದ ಶೇ 25.17 ಭಾಗ ಕಾಡು ಮತ್ತು ಮರಗಳಿಂದ ಮುಚ್ಚಿದೆ ಎನ್ನುತ್ತದೆ. ಆದರೆ ಆ ವರದಿಯಲ್ಲಿ ಕಾಡೆಂದರೆ ಒಂದು ಹೆಕ್ಟೇರಿಗಿಂತ ಹೆಚ್ಚಿದ್ದು, ಮೇಲಿನಿಂದ ನೋಡಿದಾಗ ಕನಿಷ್ಠ ಶೇ 10 ಭಾಗ ಮರದ ನೆರಳಿರುವ ಯಾವುದೇ ನೆಲ. ಮಾವಿನ ತೋಟ, ತೆಂಗಿನ ತೋಟ, ನೀಲಗಿರಿ ತೋಪು ಎಲ್ಲವೂ ಅದರೊಳಗೆ. ಹಳೆಯ ಕಾಡು ಒಂದು ಕಡೆ ಹೋಗಿ ತೋಪು ಇನ್ನೊಂದು ಕಡೆ ಎದ್ದರೆ ಅಂಕಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಗ್ರೇಟ್ ನಿಕೋಬಾರ್ ದ್ವೀಪದ ಮಳೆಕಾಡನ್ನು ಬಂದರು, ನಗರಗಳಿಗೆ ಬಿಟ್ಟುಕೊಟ್ಟು ಅದರ ಬದಲಿಗೆ ಹರಿಯಾಣದಲ್ಲಿ ಮರ ಬೆಳೆಸುವ ಪ್ರಸ್ತಾಪ ಬಂದದ್ದು ಈ ಲೆಕ್ಕದ ಬಲದಿಂದಲೇ. 2023ರ ಅಕ್ಟೋಬರಿನಲ್ಲಿ ಬಂದ ಗ್ರೀನ್ ಕ್ರೆಡಿಟ್ ಯೋಜನೆಗೆ 2024ರ ಫೆಬ್ರವರಿಯಲ್ಲಿ ಹೊರಡಿಸಿದ ವಿಧಾನ, ಹೆಕ್ಟೇರಿಗೆ ಕನಿಷ್ಠ 1,100 ಗಿಡಗಳನ್ನು ಕೇಳಿತು. ಅದರಲ್ಲಿ ಕುರುಚಲು ಕಾಡು, ತೆರೆದ ಕಾಡುಗಳನ್ನೂ ನೆಡಲು ತಕ್ಕ ಜಾಗವೆಂದು ಹೆಸರಿಸಲಾಗಿತ್ತು. ರಾಣೆಬೆನ್ನೂರು, ಕೊಪ್ಪಳಗಳ ಬಯಲಿಗೆ ಈ ನಿಯಮ ಏನು ಮಾಡೀತು ಎಂದು ಯೋಚಿಸಿದರೆ ಭಯವಾಗುತ್ತದೆ.

ಹೊಸ ಸಸಿಗೆ ಇಷ್ಟು ಹಣ ಹುಡುಕುವವರು ಇರುವ ಕಾಡಿನೊಳಗೆ ನಡೆಯುತ್ತಿರುವ ನಷ್ಟವನ್ನು ನೋಡಬೇಕು. ಭಾರತದಲ್ಲಿ ಹುಲಿ ಓಡಾಡುವ ಪ್ರದೇಶದ ಶೇ 40ಕ್ಕೂ ಹೆಚ್ಚು ಭಾಗವನ್ನು ಲಂಟಾನ ಆವರಿಸಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಶೋಧಕರು ಅಧ್ಯಯನ ಮಾಡಿದ ತಾಕುಗಳಲ್ಲಿ 1997ರಲ್ಲಿ ಶೇ 41ರಲ್ಲಿದ್ದ ಲಂಟಾನ 2008ರ ವೇಳೆಗೆ ಶೇ 81ರಲ್ಲಿ ಕಾಣಿಸಿತು. ಅದರ ಕೆಳಗೆ ಕಾಡುಮರದ ಮರಿಗಳು ಏಳುವುದಿಲ್ಲ. ಇಂದಿನ ಮುದಿಮರಗಳು ಬಿದ್ದ ದಿನ ಅವುಗಳ ಜಾಗ ತುಂಬಲು ಯಾವುದೂ ಇರುವುದಿಲ್ಲ. ವರ್ಷದ ಮೊದಲಲ್ಲಿ, ಕಾಡು ಪೂರ್ತಿ ಒಣಗುವ ಮುನ್ನ ತರಗಿಗೆ ಮೆಲ್ಲನೆ ಹಚ್ಚುತ್ತಿದ್ದ 'ತರಗು ಬೆಂಕಿ' ಲಂಟಾನವನ್ನು ಹದ್ದುಬಸ್ತಿನಲ್ಲಿಟ್ಟಿತ್ತು ಎಂದು ಅಲ್ಲಿನ ಆದಿವಾಸಿ ಸೋಲಿಗರು ಹೇಳುತ್ತಾರೆ. ಅಭಯಾರಣ್ಯವಾದ ಮೇಲೆ ಆ ಬೆಂಕಿ ಅಪರಾಧವಾಯಿತು, ಸೋಲಿಗರನ್ನು ಅವರ ಪೋಡು ಎಂಬ ಹಾಡಿಗಳಿಂದ ಎಬ್ಬಿಸಲಾಯಿತು. ಅವರ ಮಾತನ್ನು ಸಂಶೋಧಕರು ಗಂಭೀರವಾಗಿ ಕೇಳಲು ತೊಡಗಿದ್ದು ಎಷ್ಟೋ ವರ್ಷದ ನಂತರ.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಕಾಯ್ದೆ ಸಮುದಾಯಕ್ಕೆ ಕೊಡುತ್ತದೆ. ಪರಿಹಾರ ಅರಣ್ಯೀಕರಣಕ್ಕೆಂದು 2016ರ ಕಾಯ್ದೆಯಡಿ ಸೇರುವ ಸಾವಿರಾರು ಕೋಟಿ ರೂಪಾಯಿಯಲ್ಲಿ ಒಂದು ಪಾಲು ಇಂಥ ಗ್ರಾಮಸಭೆಗಳ ಕೈಗೆ ಹೋಗಬೇಕು. ಲಂಟಾನ ಬುಡಸಮೇತ ಕಿತ್ತು, ನೆಲ್ಲಿ, ಹೊನ್ನೆ, ಮತ್ತಿಯ ಮರಿಗಳು ಎದ್ದ ಜಾಗವನ್ನು ಐದು, ಹತ್ತು, ಇಪ್ಪತ್ತನೇ ವರ್ಷ ಮತ್ತೆ ಮತ್ತೆ ಅಳೆದು, ಉಳಿದ ಪ್ರತಿ ಹೆಕ್ಟೇರಿಗೆ ಕೂಲಿ ಕೊಡುವ ವ್ಯವಸ್ಥೆ ಬೇಕು. ಅಳೆಯುವ ಟೇಪು ಸೋಲಿಗರ ಕೈಯಲ್ಲೇ ಇರಲಿ. ಆ ಕಾಡಿನ ಒಂದೊಂದು ಮರದ ಹೆಸರೂ ಅವರಿಗೆ ಗೊತ್ತು.